ಕೊರಿಯಾ ಚೇತರಿಸಿಕೊಂಡಾಗ ಷೇರುಪೇಟೆಯಲ್ಲಿ ಆಗಿದ್ದೇನು?

1997ರ ಜುಲೈ 2. ಡಾಲರಿಗೆ ಕಟ್ಟಿಹಾಕಿದ್ದ ತನ್ನ ಬಾತ್ ಕರೆನ್ಸಿಯನ್ನು ಥಾಯ್ಲೆಂಡ್ ಸಡಿಲ ಬಿಟ್ಟಿತು. ಅದರ ಹೊಡೆತ ಕೆಲವೇ ತಿಂಗಳಲ್ಲಿ ದಕ್ಷಿಣ ಕೊರಿಯಾಕ್ಕೂ ತಟ್ಟಿತು. ಅಲ್ಲಿನ ಬ್ಯಾಂಕುಗಳು ಡಾಲರಿನಲ್ಲಿ ಅಲ್ಪಾವಧಿ ಸಾಲ ಮಾಡಿದ್ದವು. ತೀರಿಸಲು ಡಾಲರೇ ಇರಲಿಲ್ಲ. ವರ್ಷ ಮುಗಿಯುವುದರೊಳಗೆ ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಂದೆ ಕೈಚಾಚಿತು.

ಆಗ ಜನ ಏನು ಮಾಡಿದರು ಗೊತ್ತಾ? ಸಾಲುಗಟ್ಟಿ ನಿಂತು ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬದ ಉಂಗುರ ತಂದುಕೊಟ್ಟರು. ಸುಮಾರು 35 ಲಕ್ಷ ಮಂದಿ, 220 ಟನ್‌ಗೂ ಮಿಕ್ಕಿ ಚಿನ್ನ! ಅದನ್ನು ಹೊರದೇಶಕ್ಕೆ ಮಾರಿ ಡಾಲರ್ ತರಲಾಯಿತು. ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಈಗ ಹೂಡಿಕೆಯ ಮಾತು. 1998ರಲ್ಲಿ ಆರ್ಥಿಕತೆ ಸುಮಾರು ಶೇ 5ರಷ್ಟು ಕುಗ್ಗಿತು. ಆದರೆ ಷೇರು ಸೂಚ್ಯಂಕ ಕಾಸ್ಪಿ ತಳ ಮುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ, 280ರ ಹತ್ತಿರ. ನಿರುದ್ಯೋಗ ಇನ್ನೂ ಏರುತ್ತಿದ್ದಾಗಲೇ ಪೇಟೆ ಮೇಲೆದ್ದಿತ್ತು. 1999ರ ಜುಲೈಗೆ 1000 ದಾಟಿತು.

ಆ ವರ್ಷ ಬೆಳವಣಿಗೆ ಶೇ 11ರಷ್ಟು. ಚೇತರಿಕೆ ಖಚಿತವಾಯಿತೆಂದು ಆಮೇಲೆ ಹಣ ಹಾಕಿದವರ ಗತಿ? 2000ದ ಕೊನೆಗೆ ಕಾಸ್ಪಿ 500ರ ಆಸುಪಾಸಿಗೆ ಬಿದ್ದಿತ್ತು. ದೇಶ ಮಾತ್ರ ಆ ವರ್ಷವೂ ಬೆಳೆಯುತ್ತಲೇ ಇತ್ತು!

ಹಾಗಾಗಿ ಏಷ್ಯಾದ ಯಾವುದೇ ಫಂಡ್‌ಗೆ ದುಡ್ಡು ಹಾಕುವ ಮುನ್ನ ಜಿಡಿಪಿ ಅಂಕಿಯೊಂದನ್ನೇ ನಂಬಬೇಡಿ. ಆ ದೇಶದ ಅಲ್ಪಾವಧಿ ಡಾಲರ್ ಸಾಲಕ್ಕೆ ತಕ್ಕಷ್ಟು ವಿದೇಶಿ ವಿನಿಮಯ ಮೀಸಲು ಇದೆಯೇ, ಷೇರುಗಳು ಆಗಲೇ ಎಷ್ಟು ಏರಿವೆ ಎಂಬುದನ್ನು ದಯವಿಟ್ಟು ನೋಡಿ.