ಚಿಂತೆಯನ್ನು ಕಡೆದ ಕೈಗಳು: ಲಿಥುವೇನಿಯದ ದಾರಿಬದಿಯ ಮರದ ಶಿಲ್ಪಗಳು

ಮಾನವನ ಭಾವಗಳಲ್ಲಿ ಕೋಪವನ್ನಾಗಲಿ ನಗುವನ್ನಾಗಲಿ ಮೂರ್ತಿಯಲ್ಲಿ ತೋರಿಸುವುದು ಶಿಲ್ಪಿಗೆ ಅಷ್ಟು ಕಠಿನವಲ್ಲ. ಬಿಗಿದ ಹುಬ್ಬು, ಅರಳಿದ ಕಣ್ಣು, ತೆರೆದ ತುಟಿಗಳಿಂದ ಅವು ಪ್ರಕಟವಾಗುತ್ತವೆ. ಚಿಂತೆಯಾದರೋ ಒಳಗೊಳಗೇ ನಡೆಯುವ ವ್ಯಾಪಾರ. ಅದಕ್ಕೆ ಸದ್ದಿಲ್ಲ, ಹೊರಗಿನ ಚಲನೆಯಿಲ್ಲ. ಇಂಥ ಮನಃಸ್ಥಿತಿಯನ್ನು ಮರದಲ್ಲಿ ಕಡೆದು, ದೇವಾಲಯದ ಗೋಡೆಗಳ ನಡುವೆ ಮಾತ್ರವಲ್ಲದೆ ದಾರಿಯ ಬದಿಯಲ್ಲಿ, ಹೊಲದ ಅಂಚಿನಲ್ಲಿ, ಮಳೆ ಹಿಮಗಳ ನಡುವೆ ನಿಲ್ಲಿಸಿದ ಜನರೆಂದರೆ ಲಿಥುವೇನಿಯದ ಗ್ರಾಮವಾಸಿಗಳು.

ಲಿಥುವೇನಿಯವು ಬಾಲ್ಟಿಕ್ ಸಮುದ್ರದ ಪೂರ್ವ ತೀರದಲ್ಲಿರುವ ಒಂದು ಸಣ್ಣ ದೇಶ. ಭಾಷಾಶಾಸ್ತ್ರವನ್ನು ಅಭ್ಯಸಿಸಿದವರಿಗೆ ಅದರ ಹೆಸರು ಅಪರಿಚಿತವೇನಲ್ಲ. ಸಂಸ್ಕೃತದ ದೇವ, ಅಗ್ನಿ, ಸೂನು ಎಂಬ ಶಬ್ದಗಳಿಗೆ ಆ ಭಾಷೆಯಲ್ಲಿ ದಿಯೇವಸ್, ಉಗ್ನಿಸ್, ಸೂನುಸ್ ಎಂಬ ಸೋದರ ಶಬ್ದಗಳಿವೆ. ಯೂರೋಪಿನಲ್ಲಿ ಬಹಳ ತಡವಾಗಿ, 1387ರಲ್ಲಿ, ಕ್ರೈಸ್ತಧರ್ಮವನ್ನು ಅಂಗೀಕರಿಸಿದ ನಾಡು ಅದು. ಅದಕ್ಕೆ ಮೊದಲು ಅಲ್ಲಿಯವರು ಓಕ್ ಮರವನ್ನೂ ಸೂರ್ಯನನ್ನೂ ಪೂಜ್ಯವೆಂದು ಭಾವಿಸುತ್ತಿದ್ದರು. ಮತ ಬದಲಾದ ಮೇಲೂ ಆ ಭಾವನೆ ಅಳಿಯಲಿಲ್ಲ. ಓಕ್ ಮರವೇ ಶಿಲುಬೆಯಾಯಿತು. ಶಿಲುಬೆಯ ನೆತ್ತಿಯ ಕಬ್ಬಿಣದ ಅಲಂಕಾರದಲ್ಲಿ ಸೂರ್ಯಕಿರಣಗಳೂ ಅರ್ಧಚಂದ್ರನೂ ಉಳಿದುಕೊಂಡವು.

ಈ ಶಿಲ್ಪಗಳಲ್ಲಿ ಜನರಿಗೆ ಅತ್ಯಂತ ಪ್ರಿಯವಾದುದು 'ರೂಪಿಂತೋಯೇಲಿಸ್' ಎಂಬ ಮೂರ್ತಿ. ಮುಳ್ಳಿನ ಕಿರೀಟ ಧರಿಸಿದ ಕ್ರಿಸ್ತನು ಒಬ್ಬನೇ ಕುಳಿತಿದ್ದಾನೆ. ಮೊಣಕೈಯನ್ನು ತೊಡೆಯ ಮೇಲೂರಿ, ಅಂಗೈಗೆ ಕೆನ್ನೆಯನ್ನು ಆನಿಸಿದ್ದಾನೆ. ತಲೆ ಕೊಂಚ ಬಾಗಿದೆ. ಇಂಥದೊಂದು ಪ್ರಸಂಗವನ್ನು ಬೈಬಲಿನ ಸುವಾರ್ತೆಗಳು ವರ್ಣಿಸುವುದಿಲ್ಲ. ಈ ಭಂಗಿ ಲಿಥುವೇನಿಯದಲ್ಲಿ ಹುಟ್ಟಿದುದೂ ಅಲ್ಲ. ಜರ್ಮನಿಯ ಪ್ರಸಿದ್ಧ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1511ರಲ್ಲಿ ಪ್ರಕಟಿಸಿದ ಮರದಚ್ಚಿನ ಚಿತ್ರಮಾಲೆಯೊಂದರ ಮುಖಪುಟದಲ್ಲಿಯೇ ಅದನ್ನು ಕಾಣಬಹುದು. ಪೋಲೆಂಡಿನಲ್ಲಿಯೂ ಅದು ಬಹಳ ಬಳಕೆಯಲ್ಲಿದೆ. ಆದರೆ ಅದಕ್ಕೆ ಲಿಥುವೇನಿಯದ ಜನ ಇಟ್ಟ ಹೆಸರು ಅವರದೇ ಆದುದು. ಆ ಹೆಸರಿನ ಮೂಲದಲ್ಲಿರುವ ಕ್ರಿಯಾಪದಕ್ಕೆ 'ಚಿಂತಿಸು' ಎಂಬ ಅರ್ಥವೂ ಉಂಟು, 'ಇತರರ ಯೋಗಕ್ಷೇಮ ನೋಡು' ಎಂಬ ಅರ್ಥವೂ ಉಂಟು. ಕನ್ನಡದ 'ಕಾಳಜಿ' ಎಂಬ ಮಾತು ಈ ಎರಡನ್ನೂ ಒಳಗೊಂಡಿರುವುದರಿಂದ ನಮಗೆ ಅದರ ಸ್ವಾರಸ್ಯ ಸುಲಭವಾಗಿ ಮನದಟ್ಟಾಗುತ್ತದೆ. ಹೆಸರಿನ ಕೊನೆಯ ಪ್ರತ್ಯಯವು ಮುದ್ದಿನಿಂದ ಕರೆಯುವಾಗ ಹಚ್ಚುವಂಥದು. ಕುಳಿತವನ ದುಃಖ ಸ್ವಂತ ನೋವಿನದಲ್ಲ. ಎದುರಿನ ದಾರಿಯಲ್ಲಿ ಹೋಗುವವರ ಬಗೆಗಿನ ಕಾಳಜಿ ಅದು ಎಂಬುದೇ ಆ ಹೆಸರಿನ ಇಂಗಿತ.

ಇವನ್ನು ಕಡೆದವರು ಬಹುಮಟ್ಟಿಗೆ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರನ್ನು ಜನ 'ದಿಯೇವ್‌ದಿರ್ಬಿಸ್', ಎಂದರೆ 'ದೇವರನ್ನು ಮಾಡುವವನು', ಎಂದು ಕರೆಯುತ್ತಿದ್ದರು. ಅವರಲ್ಲಿ ಅಗ್ರಗಣ್ಯನಾದ ವಿಂತ್ಸಸ್ ಸ್ವಿರ್‌ಸ್ಕಿಸ್ (1835-1916) ಊರಿಂದೂರಿಗೆ ಸಂಚರಿಸುತ್ತ, ರೈತರ ಮನೆಗಳಲ್ಲಿ ತಂಗಿ, ಒಂದೇ ಓಕ್ ದಿಮ್ಮಿಯಲ್ಲಿ ಕಂಬವನ್ನೂ ಮೂರ್ತಿಗಳನ್ನೂ ಒಟ್ಟಾಗಿ ಕಡೆಯುತ್ತಿದ್ದನು. ಅನೇಕ ಗ್ರಾಮಶಿಲ್ಪಗಳಲ್ಲಿ ತಲೆ ಮತ್ತು ಕೈಗಳು ದೇಹದ ಪ್ರಮಾಣಕ್ಕಿಂತ ದೊಡ್ಡವಾಗಿರುತ್ತವೆ. ಇದನ್ನು ಕುಶಲತೆಯ ಕೊರತೆಯೆಂದು ಬಗೆಯಲಾಗದು. ಭಾವ ನೆಲಸಿರುವುದು ಬಾಗಿದ ತಲೆಯಲ್ಲಿ ಮತ್ತು ಅದನ್ನು ಹೊತ್ತ ಅಂಗೈಯಲ್ಲಿ. ನೋಡುವವನ ದೃಷ್ಟಿ ಮೊದಲು ಹೋಗುವುದೂ ಅಲ್ಲಿಗೇ.

ಬಯಲಿನಲ್ಲಿ ನಿಂತ ಮರಕ್ಕೆ ಆಯುಸ್ಸು ಮಿತವಾದುದು. ಓಕ್ ಮರದ ಚೇಗಿನಲ್ಲಿರುವ ಒಗರಿನ ಸತ್ವವು ಹುಳುವನ್ನೂ ಕೊಳೆಯನ್ನೂ ಬಹುಕಾಲ ತಡೆಯುತ್ತದೆ. ಮೂರ್ತಿಯ ಮೇಲೆ ಕಟ್ಟಿದ ಪುಟ್ಟ ಚಾವಣಿ ಮಳೆನೀರನ್ನು ದೂರಮಾಡುತ್ತದೆ. ಹಾಗಿದ್ದರೂ ಬಿರುಕಿನಲ್ಲಿ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಮರವನ್ನು ಸೀಳುತ್ತದೆ. ನೆಲಕ್ಕೆ ತಾಗಿದ ಬುಡ ಕ್ರಮೇಣ ಕೊಳೆಯುತ್ತದೆ. ಒಂದು ಕಂಬ ಬಿದ್ದರೆ ಇನ್ನೊಂದನ್ನು ಕಡೆಯಲೇಬೇಕು. ಆದುದರಿಂದ ಇಲ್ಲಿ ಉಳಿಯಬೇಕಾದುದು ವಸ್ತುವಲ್ಲ, ವಿದ್ಯೆ. ಯಾವ ತಲೆಮಾರು ಕಲಿಯುವುದನ್ನು ನಿಲ್ಲಿಸುತ್ತದೆಯೋ ಆ ತಲೆಮಾರಿನೊಡನೆ ಶಿಲ್ಪವೂ ಮಣ್ಣುಗೂಡುತ್ತದೆ.

ಆಳುವವರೂ ಈ ಮರಗಳಿಗೆ ಅಂಜಿದುದುಂಟು. 1863ರ ದಂಗೆಯನ್ನು ಅಡಗಿಸಿದ ರಷ್ಯದ ಚಕ್ರಾಧಿಪತ್ಯವು ದಾರಿಬದಿಯಲ್ಲಿ ಶಿಲುಬೆ ನಿಲ್ಲಿಸುವುದನ್ನು ನಿಷೇಧಿಸಿತು. 1864ರಿಂದ 1904ರವರೆಗೆ ಲಿಥುವೇನಿಯದ ಭಾಷೆಯನ್ನು ಅದರ ಸ್ವಂತ ಲಿಪಿಯಲ್ಲಿ ಅಚ್ಚುಹಾಕುವುದಕ್ಕೂ ಅವಕಾಶವಿರಲಿಲ್ಲ. ಸೋವಿಯತ್ ಆಡಳಿತದ ಕಾಲದಲ್ಲಿ, 1961ರಲ್ಲಿ, ಶ್ಯೌಲ್ಯೈ ನಗರದ ಬಳಿಯಿರುವ ಶಿಲುಬೆಗಳ ಗುಡ್ಡವನ್ನು ಯಂತ್ರಗಳಿಂದ ನೆಲಸಮ ಮಾಡಿ ಮರದ ಶಿಲುಬೆಗಳನ್ನು ಸುಡಲಾಯಿತು. ಜನರು ಮತ್ತೆ ಕಡೆದು ತಂದು ನಿಲ್ಲಿಸಿದರು. ತೆಗೆದಷ್ಟು ಸಲವೂ ಹೊಸವು ಬಂದವು. ನಾಶಮಾಡುವವರಿಗೆ ಮರ ಸಿಕ್ಕಿತು, ಕೈಗಳು ಸಿಗಲಿಲ್ಲ. 1993ರಲ್ಲಿ, ದೇಶವು ಸ್ವತಂತ್ರವಾದ ಬಳಿಕ, ಎರಡನೆಯ ಜಾನ್ ಪಾಲ್ ಪೋಪರು ಆ ಗುಡ್ಡವನ್ನು ಸಂದರ್ಶಿಸಿದರು.

ಅದೇ ವಿದ್ಯೆ ಶೋಕಕ್ಕೂ ನೆರವಾಯಿತು. 1941ರ ಜೂನ್ 23ರಂದು, ಜರ್ಮನ್ ಸೇನೆ ಒಳನುಗ್ಗಿದ ಮರುದಿನವೇ, ಅಬ್ಲಿಂಗ ಎಂಬ ಹಳ್ಳಿಯನ್ನೂ ಅದರ ನೆರೆಯ ಊರನ್ನೂ ಸುಟ್ಟು 42 ಮಂದಿಯನ್ನು ಕೊಲ್ಲಲಾಯಿತು. 1972ರಲ್ಲಿ ಜಾನಪದ ಶಿಲ್ಪಿಗಳು ಒಟ್ಟುಗೂಡಿ ಅಲ್ಲಿ 30 ಓಕ್ ಶಿಲ್ಪಗಳನ್ನು ಕಡೆದು ನಿಲ್ಲಿಸಿದರು. ದಾರಿಬದಿಯ ಹಳೆಯ ಕಂಬಗಳಂತೆಯೇ ಎದ್ದುನಿಂತ ಅವು ಮಡಿದವರ ಸ್ಮರಣೆಯನ್ನು ತೆರೆದ ಆಕಾಶದ ಕೆಳಗೆ ಇರಿಸಿವೆ. ಚಿಂತಾಮಗ್ನ ಕ್ರಿಸ್ತನನ್ನು ಕಡೆಯುತ್ತ ಕಲಿತ ಮೌನದ ಭಾಷೆ ಹಳ್ಳಿಯೊಂದರ ದುಃಖವನ್ನು ಹೇಳುವುದಕ್ಕೂ ಸಮರ್ಥವಾಯಿತು.

ಯುನೆಸ್ಕೋ ಸಂಸ್ಥೆಯು 2001ರಲ್ಲಿ ಲಿಥುವೇನಿಯದ ಶಿಲುಬೆ ಕಡೆಯುವ ಕಲೆಯನ್ನು ಮಾನವಕುಲದ ಶ್ರೇಷ್ಠ ಪರಂಪರೆಗಳಲ್ಲಿ ಒಂದೆಂದು ಸಾರಿತು. 2008ರಲ್ಲಿ ಅದು ಜಾಗತಿಕ ಪಟ್ಟಿಯನ್ನು ಸೇರಿತು. ಈ ಮನ್ನಣೆ ಸಂದುದು ಯಾವುದೋ ಒಂದು ಮೂರ್ತಿಗಲ್ಲ, ಕಡೆಯುವ ಕಾಯಕಕ್ಕೆ ಎಂಬುದನ್ನು ಗಮನಿಸಬೇಕು. ಕಟ್ಟಿದ ಕಟ್ಟಡಕ್ಕಿಂತ ಕಲಿಸಿದ ವಿದ್ಯೆ ಹೆಚ್ಚು ಕಾಲ ಬಾಳುತ್ತದೆಂಬ ಮಾತನ್ನು ವಿದ್ಯಾಸಂಸ್ಥೆಗಳಲ್ಲಿ ಆಗಾಗ ಹೇಳುವುದುಂಟು. ಓಕ್ ಮರದ ಆ ಕುಳಿತ ಮೂರ್ತಿ ಅದಕ್ಕೆ ಸಾಕ್ಷಿ. ಮರ ಜೀರ್ಣವಾಗುತ್ತದೆ, ಪರರಿಗಾಗಿ ಚಿಂತಿಸುವ ಮುಖವನ್ನು ಕಡೆಯಬಲ್ಲ ಕೈ ಮತ್ತೊಂದು ಕೈಗೆ ಉಳಿಯನ್ನು ಒಪ್ಪಿಸಿ ಮುಂದೆ ಸಾಗುತ್ತದೆ.