ತೊಟ್ಟಿ, ಹೊರಸು, ಹೆರಿಗೆ ಕೋಣೆ: ಎಲ್ಲಿ ಹಡೆಯೋದು?

ಕುಬಸ ಮುಗಿಸಿ ಮಗಳು ತವರಿಗೆ ಬಂದಳೆಂದರೆ ಮನೆಯಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: ಎಲ್ಲಿ ಹಡಿಸೋದು? ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಾಗಲಿ ಮೊದಲು ಇದಕ್ಕೆ ಎರಡೇ ಉತ್ತರ, ಸರ್ಕಾರಿ ಇಲ್ಲವೇ ಖಾಸಗಿ. ಈಗ ಮೊಬೈಲು ಇನ್ನೆರಡು ಸೇರಿಸಿದೆ. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಕೂತು ನಗುನಗುತ್ತ ಕೂಸನ್ನು ಎದೆಗೆತ್ತಿಕೊಳ್ಳುವ ಹೆಣ್ಣುಮಗಳ ವಿಡಿಯೊ ಒಂದು. ಮನೆಯಲ್ಲಿ ಹಡೆಯೋದೇ ನಮ್ಮ ಪದ್ಧತಿ, ದವಾಖಾನೆ ಬರೀ ವ್ಯಾಪಾರ ಎನ್ನುವ ರೀಲು ಇನ್ನೊಂದು. ನೋಡುವ ಬಸುರಿಗೆ ಇಪ್ಪತ್ತೆರಡು ವಯಸ್ಸು, ಮೊದಲ ಹೆರಿಗೆ, ರಾತ್ರಿ ನಿದ್ದೆಯಿಲ್ಲ. ಅವಳು ನಂಬಿದರೆ ಬೈಯುವಂಥದ್ದೇನಿಲ್ಲ. ಆ ಮಾತುಗಳಲ್ಲಿ ಅರ್ಧ ನಿಜವೂ ಇದೆ.

"ನಮ್ಮಾಯಿ ಹತ್ತು ಹಡದಾಳ, ಎಲ್ಲಾ ಮನ್ಯಾಗ"

ಹತ್ತು ಹಡೆದು ಉಳಿದ ಆಯಿ ಹೇಳಿದ್ದನ್ನು ನಾವು ಕೇಳಿದ್ದೇವೆ. ಮೂರನೆಯದರಲ್ಲಿ ಹೋದವಳು ಹೇಳಲು ಉಳಿಯಲಿಲ್ಲ. ಅವಳ ಮಕ್ಕಳು ಚಿಕ್ಕವ್ವನ ಕೈಯಲ್ಲಿ ಬೆಳೆದವು. ಹಳೆಯ ಮನೆತನಗಳ ವಂಶಾವಳಿಯಲ್ಲಿ ಅಜ್ಜ ಮುತ್ತಜ್ಜರಿಗೆ ಎರಡೆರಡು ಮದುವೆ ಕಂಡರೆ, ಕಾರಣ ಎಷ್ಟೋ ಸಲ ಬಾಣಂತಿ ಕೋಣೆಯಲ್ಲೇ ಇರುತ್ತದೆ.

ಅಷ್ಟು ಹಿಂದೆ ಹೋಗುವುದೂ ಬೇಡ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ಆಸ್ಪತ್ರೆಯಲ್ಲಿ ಆಗುವ ಹೆರಿಗೆ ನೂರಕ್ಕೆ ಸುಮಾರು 65ರಿಂದ 97ಕ್ಕೆ ಏರಿತು. ಇಳಿಕೆಯೆಲ್ಲ ಆಸ್ಪತ್ರೆಯ ಮಂಚದಿಂದಲೇ ಬಂತು ಎನ್ನಲಾಗದು. ರಸ್ತೆ, ಮದುವೆಯ ವಯಸ್ಸು, ಊಟ, 2008ರಲ್ಲಿ ಬಂದ 108 ಗಾಡಿ, ಎಲ್ಲಕ್ಕೂ ಪಾಲಿದೆ. ಆದರೆ ಹಿಂದಿನ ಕಾಲವೇ ಸುರಕ್ಷಿತವಾಗಿತ್ತು ಎನ್ನುವ ಮಾತಿಗೆ ಈ ಅಂಕಿಗಳ ಮುಂದೆ ನಿಲ್ಲಲು ಜಾಗವಿಲ್ಲ.

ಇಲ್ಲಿ ಸೂಲಗಿತ್ತಿ ನರಸಮ್ಮನವರ ಹೆಸರು ಬಂದೇ ಬರುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಆ ತಾಯಿ ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಕೈಗುಣವನ್ನು ಪ್ರಶ್ನಿಸುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ರೀಲಿನವರು ಅವರ ಹೆಸರು ತಂದಾಗ ಒಂದು ಕೇಳಬೇಕು: ನಿಮ್ಮ ಮನೆಗೆ ಬರುವ ಸೂಲಗಿತ್ತಿ ಯಾರು? ಎಪ್ಪತ್ತು ವರ್ಷ ಪಳಗಿದ ಕೈ ಪ್ರತಿ ಓಣಿಯಲ್ಲೂ ಇಲ್ಲ. ಆ ವಿದ್ಯೆಯನ್ನು ಅಜ್ಜಿಯಿಂದ ಕಲಿಯುವ ಮೊಮ್ಮಕ್ಕಳೂ ಈಗ ಇಲ್ಲ. ಸೂಲಗಿತ್ತಿ ಇಲ್ಲದ ಮನೆ ಹೆರಿಗೆಯನ್ನು ಸಂಪ್ರದಾಯ ಎನ್ನಲು ಬರುವುದಿಲ್ಲ. ಅದು ಹೊಸ ಪ್ರಯೋಗ. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಿಸಹೋಗಿ, ಶಿಕ್ಷಕಿಯೊಬ್ಬರು ರಕ್ತ ಹರಿದು ತೀರಿಕೊಂಡರು.

"ಬಿಪಿ ಇಲ್ಲ, ಶುಗರ್ ಇಲ್ಲ, ಕೂಸಿನ ತಲಿ ಕೆಳಗೈತಿ, ಮತ್ಯಾಕ ಹೆದರಿಕಿ?"

ಇದಕ್ಕೆ ಉತ್ತರ ನಮ್ಮ ಪಕ್ಕದ ಬೆಳಗಾವಿಯಲ್ಲೇ ಸಿಕ್ಕಿದೆ, ಅದೂ ಮನೆ ಹೆರಿಗೆಯನ್ನು ಹೀಗಳೆಯಲು ಹೊರಟವರಿಂದಲ್ಲ. 2002ರಿಂದ 2005ರವರೆಗೆ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಸುರಿಯರ ಮೇಲೆ ಒಂದು ಅಧ್ಯಯನ ನಡೆಸಿದರು. ಅವರು ಮನೆಯಲ್ಲೋ ಉಪಕೇಂದ್ರದಲ್ಲೋ ಹಡೆಯುವವರು, ಮುಂಚೆಯೇ ತೊಂದರೆಯ ಸೂಚನೆ ಇಲ್ಲದವರು. ಜೊತೆಗಿದ್ದವರು ತರಬೇತಾದ ಎಎನ್‌ಎಂ ಸಿಸ್ಟರ್‌ಗಳು. ಅರ್ಧದಷ್ಟು ಜನರಿಗೆ ಕೂಸು ಹುಟ್ಟಿದೊಡನೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ, ನೋಡಲು ಅಂಥದೇ ಮಾತ್ರೆ.

2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶ ಹೀಗಿತ್ತು: ಔಷಧ ಸಿಗದ ಗುಂಪಿನಲ್ಲಿ ನೂರಕ್ಕೆ 12 ಬಾಣಂತಿಯರಿಗೆ ಅರ್ಧ ಲೀಟರಿನಷ್ಟೋ ಅದಕ್ಕಿಂತ ಹೆಚ್ಚೋ ರಕ್ತ ಹೋಯಿತು. ಔಷಧದ ಮಾತ್ರೆ ನುಂಗಿದವರಲ್ಲಿ 6.4. ಮಾತ್ರೆ ಕೆಲಸ ಮಾಡಿತೆಂದು ಜಗತ್ತು ಮೆಚ್ಚಿತು. ಇಂಥ ಸಾಕ್ಷ್ಯದ ಬಲದ ಮೇಲೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಬಳಕೆಗಾಗಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನನ್ನ ಕಣ್ಣು ಮಾತ್ರ ಆ 12ರ ಮೇಲೆ ನಿಲ್ಲುತ್ತದೆ. ಎಲ್ಲವೂ ಸರಿಯಿದೆ ಎಂದು ಜರಡಿ ಹಿಡಿದು ಆರಿಸಿದ ಬಸುರಿಯರಲ್ಲೇ ಎಂಟರಲ್ಲಿ ಒಬ್ಬರಿಗೆ ಹೀಗಾಯಿತು. ಯಾರಿಗಾಗುತ್ತದೆ ಎಂದು ಮುಂಚೆ ಹೇಳಲು ಬರುವುದಿಲ್ಲ. ಕೂಸು ಬಂದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು, ಮಾಸು ಕಳಚಿದ ಜಾಗದ ರಕ್ತನಾಳಗಳು ಹಾಗೆ ಮುಚ್ಚಬೇಕು. ಮುದುಡದಿದ್ದರೆ ರಕ್ತ ನಲ್ಲಿ ಬಿಟ್ಟಂತೆ ಹರಿಯುತ್ತದೆ, ತಾಸೆರಡು ತಾಸಿನಲ್ಲಿ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಕೂಸು ಹುಟ್ಟಿದ ನಿಮಿಷದೊಳಗೆ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಇದಕ್ಕೇ. ಅದನ್ನು ಫ್ರಿಜ್‌ನಲ್ಲೇ ಇಡಬೇಕು. ಅದೂ ಸಾಲದಾದರೆ ರಕ್ತ ಬೇಕು, ಶಸ್ತ್ರಚಿಕಿತ್ಸೆ ಬೇಕು.

ಇದರ ಮೇಲೆ ರಕ್ತಹೀನತೆ. ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಜನರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ತುಂಬಿದ ಮೈಯವಳು ತಡೆದುಕೊಳ್ಳುವಷ್ಟು ರಕ್ತ ಹೋದರೂ ಬಿಳಿಚಿಕೊಂಡವಳು ತಡೆದುಕೊಳ್ಳಲಾರಳು. ತಾಯಿ ಕಾರ್ಡಿನಲ್ಲಿ ಬೇರೆ ಏನನ್ನೂ ಓದದಿದ್ದರೂ ಹಿಮೋಗ್ಲೋಬಿನ್ನಿನ ಆ ಒಂದು ಅಂಕಿಯನ್ನು ಮನೆಯವರೆಲ್ಲ ಬಾಯಿಪಾಠ ಮಾಡಿರಬೇಕು.

"ಫಾರಿನ್ನಿನಾಗ ಮನ್ಯಾಗ ಹಡೀತಾರಲ್ಲ?"

ಹೌದು, ಹಡೆಯುತ್ತಾರೆ. ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ಕಡಿಮೆ ಅಪಾಯದ ಬಸುರಿಯರನ್ನು ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಎರಡನೆಯದೋ ಮೂರನೆಯದೋ ಹಡೆಯುವವರಿಗೆ ಮನೆಗೂ ಆಸ್ಪತ್ರೆಗೂ ಕೂಸಿನ ಸುರಕ್ಷತೆಯಲ್ಲಿ ಅಂತರ ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೆ ಮೊದಲ ಹೆರಿಗೆಯವರಲ್ಲಿ ಕೂಸಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲೇ ಎಂದು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆಯೋ ಹೆರಿಗೆಯ ಬೆನ್ನಿಗೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆಗೆ ಬರುವವಳು ಸರ್ಕಾರಿ ನೋಂದಣಿಯಿರುವ ಮಿಡ್‌ವೈಫ್. ಅವಳ ಚೀಲದಲ್ಲಿ ಔಷಧ, ಕೂಸಿಗೆ ಉಸಿರು ಕೊಡುವ ಸಲಕರಣೆ ಇರುತ್ತವೆ. ಜೊತೆಗೆ ಕರೆದರೆ ಬರುವ ಅಂಬುಲೆನ್ಸ್, ಮೊದಲೇ ಬಲ್ಲ ಆಸ್ಪತ್ರೆ. ಲಂಡನ್ನಿನ ಮನೆ ಹೆರಿಗೆಯ ಹಿಂದೆ ಒಂದು ಇಡೀ ಆಸ್ಪತ್ರೆ ನಿಂತಿರುತ್ತದೆ. ನಮ್ಮಲ್ಲೋ, ದೊಡ್ಡ ಆಸ್ಪತ್ರೆಯಿರುವ ಗದಗ ಮುಂಡರಗಿಯಿಂದ ಸುಮಾರು 40 ಕಿಲೊಮೀಟರ್, ಲಕ್ಷ್ಮೇಶ್ವರದಿಂದ ಹೆಚ್ಚೂಕಡಿಮೆ ಅಷ್ಟೇ. ಹೊಳೆದಂಡೆಯ ಕೊರ್ಲಹಳ್ಳಿ, ಹಮ್ಮಿಗಿಯವರಿಗೆ ಅದಕ್ಕೂ ಹೆಚ್ಚು.

"ಹೊಟ್ಯಾಗೂ ಕೂಸು ನೀರಾಗ ಇರ್ತೈತಿ, ನೀರಾಗ ಹುಟ್ಟಿದ್ರ ಏನಾತು?"

ಕೇಳಲು ಎಷ್ಟು ಸರಳ! ಹೊಟ್ಟೆಯೊಳಗೆ ಕೂಸು ಉಸಿರಾಡುವುದು ಹೊಕ್ಕುಳ ಬಳ್ಳಿಯ ಮೂಲಕ, ಹೊರಬಂದ ಮೇಲೆ ಮೂಗಿನಿಂದ. ಆರೋಗ್ಯವಾಗಿರುವ ಕೂಸು ಮುಖಕ್ಕೆ ಗಾಳಿ ತಾಗುವವರೆಗೆ ಸಾಮಾನ್ಯವಾಗಿ ಉಸಿರೆಳೆಯದು. ನೀರಿನ ಹೆರಿಗೆ ನಿಂತಿರುವುದೇ ಈ ತಡೆಯ ಮೇಲೆ. ಆದರೆ ಬ್ಯಾನಿ ಎಳೆದು, ಕೂಸಿಗೆ ಆಮ್ಲಜನಕ ಕಡಿಮೆಯಾಗಿದ್ದರೆ ಆ ತಡೆ ಮುರಿಯುತ್ತದೆ, ಕೂಸು ನೀರೊಳಗೇ ಬಾಯಿ ಬಿಡುತ್ತದೆ. ಗಡಬಡಿಸಿ ಮೇಲೆತ್ತುವಾಗ ಬಳ್ಳಿ ಹರಿಯುವ ಅಪಾಯವೂ ಇದೆ.

ಹಾಗೆಂದು ನೀರೇ ಬೇಡ ಎಂದಲ್ಲ. ಬ್ಯಾನಿ ತಿನ್ನುವ ಹೊತ್ತು ಬೆಚ್ಚನೆಯ ನೀರಲ್ಲಿ ಕೂರುವುದು ಬೇರೆ, ಕೂಸನ್ನು ನೀರಲ್ಲೇ ಹೊರತರುವುದು ಬೇರೆ. ವಿಡಿಯೊಗಳು ಎರಡನ್ನೂ ಕಲಸಿಬಿಡುತ್ತವೆ. ಮೊದಲನೆಯದರ ಬಗ್ಗೆ ಸಾಕ್ಷ್ಯ ಚೆನ್ನಾಗಿದೆ: 15 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯ ಪ್ರಕಾರ, ನೀರಲ್ಲಿ ಕೂತವರಿಗೆ ಬೆನ್ನಿಗೆ ಚುಚ್ಚುವ ನೋವುನಿವಾರಕದ ಅಗತ್ಯ ಸ್ವಲ್ಪ ಕಡಿಮೆ. ಎರಡನೆಯದಕ್ಕೆ ಅಷ್ಟು ಗಟ್ಟಿ ಸಾಕ್ಷ್ಯ ಇಲ್ಲವೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2016ರಲ್ಲಿ ಹೇಳಿತು. ಬ್ಯಾನಿಗೆ ನೀರು ಇರಲಿ, ಹೆರಿಗೆ ನೀರಿನ ಹೊರಗಾಗಲಿ ಎಂಬುದು ಅದರ ಸಲಹೆ. ಬ್ರಿಟನ್ನಿನಲ್ಲಿ ಆಯ್ದ ಬಸುರಿಯರಿಗೆ ನೀರಲ್ಲೇ ಹಡೆಯಲು ಅವಕಾಶವಿದೆ, ಆದರೆ ನೀರು 37.5 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಗಂಟೆ ಗಂಟೆಗೆ ಅಳೆಯಬೇಕು. ಅವಳಿ ಕೂಸು, ಕಾಲು ಮುಂದಾದ ಕೂಸು, ತಿಂಗಳು ತುಂಬದ ಹೆರಿಗೆ, ಬಿಪಿ, ರಕ್ತಸ್ರಾವ, ಇವಕ್ಕೆಲ್ಲ ತೊಟ್ಟಿ ಸಲ್ಲದು.

ನಮ್ಮ ದೇಶದಲ್ಲಿ ಇದು ಕೊಚ್ಚಿ, ಬೆಂಗಳೂರಿನಂಥ ದೊಡ್ಡ ಊರುಗಳ ಕೆಲವೇ ಖಾಸಗಿ ಕಡೆ ನಡೆಯುತ್ತದೆ, ದುಡ್ಡಿದ್ದವರಿಗೆ. ಅಲ್ಲಿನದನ್ನು ನೋಡಿ ಇಲ್ಲಿ ಮನೆಯಲ್ಲಿ ಮಾಡಹೊರಟರೆ ಮೊದಲ ಪ್ರಶ್ನೆ: ಯಾವ ನೀರು? ತೊಟ್ಟಿಗೆ ಐನೂರು ಲೀಟರ್ ಆಸುಪಾಸು ಬೇಕು. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ನಲ್ಲಿಗೆ ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ಸಂಪು, ಕೊಡಪಾನ ತುಂಬಿಟ್ಟು ಮುಂದಿನ ಸರದಿಗೆ ಕಾಯುವುದು ಅವಳಿ ನಗರದ ಹೆಂಗಸರ ನಿತ್ಯದ ಪಾಡು. ನಿಂತ ನೀರಲ್ಲಿ ಬೆಳೆಯುವ ರೋಗಾಣುಗಳದ್ದೇ ಭಯ. 2014ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಎರಡು ವಾರ ಮುಂಚೆಯೇ ಬಾವಿ ನೀರು ತುಂಬಿಸಿ ಬೆಚ್ಚಗಿಟ್ಟ ಮನೆಯ ತೊಟ್ಟಿಯಲ್ಲಿ ಹುಟ್ಟಿದ ಕೂಸೊಂದು ಲೀಜಿಯೊನೆಲ್ಲಾ ಸೋಂಕಿನಿಂದ ತೀರಿಕೊಂಡಿತು.

ಬ್ಯಾನಿ ಹೊತ್ತಿನಲ್ಲಿ ನೀರಿನ ಸುಖ ಬೇಕೆನಿಸಿದರೆ ಸೊಂಟಕ್ಕೆ ಹದವಾದ ಬಿಸಿನೀರು ಹೊಯ್ಯಲು ಬಕೀಟು ಚೆಂಬು ಸಾಕು. ಇದು ನಮ್ಮ ಅವ್ವಂದಿರಿಗೆ ಹೊಸದೇನಲ್ಲ.

"ದವಾಖಾನಿಗೆ ಹೋದ್ರ ಕೊಯ್ದ ಕೊಯ್ತಾರ"

ಇದನ್ನು ತಪ್ಪು ಕಲ್ಪನೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದೇ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕಿಂತ ಹೆಚ್ಚು ಹೆರಿಗೆ ಸಿಜೇರಿಯನ್. ದೇಶದ ಲೆಕ್ಕದಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ 47, ಸರ್ಕಾರಿಯಲ್ಲಿ 14. ಇಡೀ ಜನಸಮುದಾಯದಲ್ಲಿ ಸಿಜೇರಿಯನ್ ಪ್ರಮಾಣ ನೂರಕ್ಕೆ ಹತ್ತು ದಾಟಿದ ಮೇಲೆ ಸಾವು ಇಳಿಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅಂದರೆ ಬೇಡದ ಕೊಯ್ತ ನಡೆಯುತ್ತಿದೆ. ಆದರೆ ಆಸ್ಪತ್ರೆ ಅಂದರೆ ಕೊಯ್ತ ಎಂಬುದು ನಿಜವಲ್ಲ. ಎಂಥ ಆಸ್ಪತ್ರೆ ಎಂಬುದರ ಮೇಲೆ ಲೆಕ್ಕ ಮೂರು ಪಟ್ಟು ಬದಲಾಗುತ್ತದೆ. ಸರ್ಕಾರಿಗೆ ಹೋದರೂ ದುಡ್ಡು ಎನ್ನುವವರಿಗೆ: 2011ರ ಜೂನ್‌ನಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಯಾರಾದರೂ ಕೈಚಾಚಿದರೆ ಅದು ನಿಯಮವಲ್ಲ, ಲಂಚ.

ಒಮ್ಮೆ ಕೊಯ್ದರೆ ಮುಂದಿನದೂ ಕೊಯ್ತವೇ ಎಂಬುದೂ ಪೂರ್ತಿ ನಿಜವಲ್ಲ. ತಕ್ಕವರನ್ನು ಆರಿಸಿ ಪ್ರಯತ್ನಿಸಿದರೆ ಬಹಳಷ್ಟು ಮಂದಿ ನಾರ್ಮಲ್ ಆಗುತ್ತಾರೆ. ಆದರೆ ಹಳೆಯ ಹೊಲಿಗೆ ಬಿಚ್ಚುವ ಸಣ್ಣ ಅಪಾಯ ಇರುವುದರಿಂದ ಈ ಪ್ರಯತ್ನ ಆಪರೇಷನ್ ಕೋಣೆ ಪಕ್ಕದಲ್ಲಿರುವ ಕಡೆ ಮಾತ್ರ. ಮನೆಯಲ್ಲಿ ಎಂದಿಗೂ ಇಲ್ಲ.

ಬಳ್ಳಾರಿಯ ಹೆಸರೆತ್ತದೆ ಆಸ್ಪತ್ರೆಯ ಪರ ಮಾತಾಡುವುದು ಅಪ್ರಾಮಾಣಿಕವಾಗುತ್ತದೆ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ಸಲೈನಿನ ಮೇಲೆ ಅನುಮಾನ ಬಂತು, ಸರ್ಕಾರ ಅದನ್ನು ಪೂರೈಸಿದ ಕಂಪನಿಯ ಸಲೈನ್ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ತುಂಗಭದ್ರೆಯ ಈಚೆ ದಡದ ನಮ್ಮ ಹೆಣ್ಣುಮಕ್ಕಳು ಆ ಸುದ್ದಿ ಓದಿ ಹೆದರಿದ್ದು ಸಹಜ. ಆ ಸಾವುಗಳಿಗೆ ಉತ್ತರ ಕೇಳಬೇಕಾದದ್ದು ಔಷಧ ಕೊಂಡವರನ್ನು, ಪರೀಕ್ಷಿಸಿದವರನ್ನು. ಮನೆಯ ಹೊರಸು ಅದಕ್ಕೆ ಉತ್ತರವಲ್ಲ, ಅಲ್ಲಿ ಕೆಟ್ಟ ಸಲೈನೂ ಇಲ್ಲ, ಒಳ್ಳೆಯ ಸಲೈನೂ ಇಲ್ಲ.

"ಒಳಗ ಒಬ್ಬಾಕಿನ ಹಾಕ್ತಾರ, ಬೈತಾರ, ಬಡೀತಾರ"

ಮನೆ, ತೊಟ್ಟಿ ಎಂದು ಹುಡುಗಿಯರ ಮನಸ್ಸು ಎಳೆಯುವುದು ಬಹುಪಾಲು ಇದರಿಂದ. ಹೆರಿಗೆ ಕೋಣೆಯಲ್ಲಿ ಬೈಗುಳ ತಿಂದ ಅಕ್ಕನ ಕಥೆ ಪ್ರತಿ ಮನೆಯಲ್ಲೂ ಇದೆ. ಆದರೆ ಸಹಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಹೆರಿಗೆ ಹೊತ್ತಿನಲ್ಲಿ ಹೆಣ್ಣುಮಗಳ ಜೊತೆ ಅವಳ ಕಡೆಯವರೊಬ್ಬರು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. 2017ರ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಪರದೆ, ಗೌರವದ ಮಾತು, ಜೊತೆಗಾತಿ ಎಲ್ಲವನ್ನೂ ಕೇಳುತ್ತದೆ. ಬ್ಯಾನಿ ಬರುವಾಗ ಅಡ್ಡಾಡಬಹುದು, ನೀರು ಕುಡಿಯಬಹುದು, ಎಲ್ಲರಿಗೂ ಕೆಳಗೆ ಕತ್ತರಿ ಹಾಕಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಇವು ತೊಟ್ಟಿಯ ಹೆರಿಗೆಯವರು ಮಾರುವ ಸುಖಗಳೇ, ದುಡ್ಡಿಲ್ಲದೆ.

ಕಾಗದದ ಮೇಲಿರುವುದು ಕೋಣೆಯೊಳಗೆ ಸಿಗಬೇಕಾದರೆ ಏಳನೇ ತಿಂಗಳಲ್ಲೇ ಕೇಳಿಡಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಅವ್ವನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗಿ ಕೇಳಿ: ಒಳಗೆ ಇವರು ಇರಬಹುದೇ? ರಾತ್ರಿ ಡಾಕ್ಟರ್ ಇರುತ್ತಾರೆಯೇ? ರಕ್ತ ಬೇಕಾದರೆ ಎಲ್ಲಿಂದ? ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಗೆ ಯಾವ ಹಂತದಲ್ಲಿ ಕಳಿಸುತ್ತೀರಿ? ಗಂಡನ ಊರಲ್ಲಿ ಮಾಡಿಸಿದ ತಾಯಿ ಕಾರ್ಡು ತವರಿನಲ್ಲೂ ನಡೆಯುತ್ತದೆ, ಅದನ್ನು ಅತ್ತೆ ಮನೆಯ ಟ್ರಂಕಿನಲ್ಲಿ ಬಿಟ್ಟು ಬರಬೇಡಿ. ಹಿಮೋಗ್ಲೋಬಿನ್ ಕಡಿಮೆ, ಬಿಪಿ, ಅವಳಿ, ಹಳೆಯ ಸಿಜೇರಿಯನ್, ಇವುಗಳಲ್ಲಿ ಒಂದಿದ್ದು ಊರು ಹೊಳೆದಂಡೆಯಲ್ಲೋ ಕಪ್ಪತಗುಡ್ಡದ ಸೆರಗಿನಲ್ಲೋ ಇದ್ದರೆ, ದಿನ ತುಂಬುವ ಒಂದು ವಾರ ಮುಂಚೆ ಗದಗಿನ ಬೀಗರ ಮನೆಗೆ ಬಂದು ಉಳಿಯುವುದು ಒಳ್ಳೆಯದು. ಬೀಗರು ಏನಂದಾರೆಂಬ ಸಂಕೋಚ ಬೇಡ, ಅಂಟಿನುಂಡಿ ಕಟ್ಟಿಕೊಂಡು ಹೋದರಾಯಿತು.