ಬಣ್ಣದಲ್ಲಿ ಬರೆದ ಪಹಣಿ

ಮರಳುಗಾಡಿನ ಭೂದೃಶ್ಯವೆಂದರೆ ಕೆಳಗೆ ಮರಳದಿಬ್ಬಗಳ ಸಾಲು, ಮೇಲೆ ಬರಿದಾದ ಆಕಾಶ, ನಡುವೆ ಪಟದ ಈ ಅಂಚಿನಿಂದ ಆ ಅಂಚಿಗೆ ಹಾಯುವ ದಿಗಂತರೇಖೆ ಎಂಬ ಕಲ್ಪನೆ ಎಷ್ಟು ರೂಢವಾಗಿದೆಯೆಂದರೆ, ಅದು ಯುರೋಪಿನ ಚಿತ್ರಕಲೆ ರೂಪಿಸಿಕೊಟ್ಟ ಒಂದು ಕ್ರಮ ಮಾತ್ರ ಎಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಈ ಕ್ರಮದಲ್ಲಿ ಚಿತ್ರಕಾರ ನೆಲದಿಂದ ದೂರ ಸರಿದು ಒಂದು ಕಡೆ ನಿಂತಿರುತ್ತಾನೆ, ನೆಲ ಅವನ ಕಣ್ಣೆದುರು ಹರಡಿಕೊಂಡಿರುತ್ತದೆ. ಆ ನೆಲ ಯಾರದು ಎಂಬ ಪ್ರಶ್ನೆ ಚೌಕಟ್ಟಿನೊಳಕ್ಕೆ ಬರಬೇಕಾದ ಅಗತ್ಯವೇ ಇಲ್ಲ. ಆಸ್ಟ್ರೇಲಿಯಾದ ನಡುನಾಡಿನ ಮೂಲನಿವಾಸಿ ಕಲಾವಿದರು 1971ರಿಂದೀಚೆಗೆ ಆಕ್ರಿಲಿಕ್ ಬಣ್ಣದಲ್ಲಿ ರಚಿಸಿರುವ ಮರಳುಗಾಡಿನ ಚಿತ್ರಗಳಲ್ಲಿ ದಿಗಂತವೂ ಇಲ್ಲ, ದೂರ ನಿಂತ ನೋಡುಗನೂ ಇಲ್ಲ. ನೆಲ ಯಾರದು ಎಂಬುದೇ ಅವುಗಳ ವಸ್ತು. ಆದ್ದರಿಂದ ಆ ಚಿತ್ರಗಳನ್ನು ಕಲೆಯ ಇತಿಹಾಸದಲ್ಲಿ ಇಟ್ಟು ನೋಡುವಷ್ಟೇ ಗಂಭೀರವಾಗಿ ರಾಜಕೀಯ ವ್ಯಾಖ್ಯಾನದ ಇತಿಹಾಸದಲ್ಲಿಯೂ ಇಟ್ಟು ನೋಡಬೇಕಾಗುತ್ತದೆ.

ಚಿತ್ರಕ್ಕೆ ಬಳಸುವ ಯಾವುದೇ ಬಣ್ಣದಲ್ಲಿ ವರ್ಣವನ್ನು ಕೊಡುವ ಪುಡಿ, ಅಂದರೆ ವರ್ಣದ್ರವ್ಯ, ಮತ್ತು ಆ ಪುಡಿಯನ್ನು ಪಟಕ್ಕೆ ಹಿಡಿಸುವ ಬಂಧಕ ಎಂಬ ಎರಡು ಮುಖ್ಯ ಅಂಶಗಳಿರುತ್ತವೆ. ತೈಲವರ್ಣದಲ್ಲಿ ಅಗಸೆ ಎಣ್ಣೆಯಂಥ ಎಣ್ಣೆಗಳು, ಜಲವರ್ಣದಲ್ಲಿ ಗೋಂದು ಬಂಧಕದ ಕೆಲಸ ಮಾಡಿದರೆ, ಆಕ್ರಿಲಿಕ್ಕಿನಲ್ಲಿ ಆ ಕೆಲಸ ಮಾಡುವುದು ನೀರಿನಲ್ಲಿ ಕರಗದೆ ಹರಡಿಕೊಂಡಿರುವ ಅತಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು. ಈ ಹಾಲುಬಣ್ಣದ ದ್ರವವನ್ನು ಎಮಲ್ಷನ್ ಎನ್ನುತ್ತಾರೆ. ನೀರು ಆರುತ್ತಿದ್ದಂತೆ ಕಣಗಳು ಒತ್ತೊತ್ತಾಗಿ ಬಂದು ಒಂದಕ್ಕೊಂದು ಬೆಸೆದುಕೊಂಡು ಪಾರದರ್ಶಕವಾದ ಪೊರೆಯಾಗುತ್ತವೆ, ಒಮ್ಮೆ ಆರಿದ ಆ ಪೊರೆಯನ್ನು ನೀರು ಮತ್ತೆ ಕರಗಿಸಲಾರದು. 1950ರ ದಶಕದ ನಡುವೆ ಅಮೆರಿಕದ ಸಿನ್ಸಿನಾಟಿಯಲ್ಲಿ ತಯಾರಾದ ಲಿಕ್ವಿಟೆಕ್ಸ್, ಕಲಾವಿದರಿಗಾಗಿಯೇ ಮಾರುಕಟ್ಟೆಗೆ ಬಂದ ಈ ಬಗೆಯ ಮೊದಮೊದಲ ಬಣ್ಣಗಳಲ್ಲಿ ಒಂದು. ಅದಕ್ಕೂ ಮೊದಲೇ, 1936ರಲ್ಲಿ, ಮೆಕ್ಸಿಕೊದ ಭಿತ್ತಿಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೊಸ್ ನ್ಯೂಯಾರ್ಕಿನಲ್ಲಿ ಒಂದು ಪ್ರಯೋಗಶಾಲೆ ತೆರೆದು ಕಾರ್ಖಾನೆಗಳ ಕೃತಕ ಬಣ್ಣಗಳನ್ನು ಚಿತ್ರಕ್ಕೆ ಒಗ್ಗಿಸಲು ಯತ್ನಿಸಿದ್ದ. ಬೀದಿಯ ಗೋಡೆಯ ಮೇಲೆ ಬಿಸಿಲು ಮಳೆಗಳಿಗೆ ಜಗ್ಗದೆ ನಿಲ್ಲುವ ರಾಜಕೀಯ ಚಿತ್ರ ಬೇಕೆಂಬ ಹಂಬಲ ಅದರ ಹಿಂದಿತ್ತು, ಹೀಗಾಗಿ ಕೃತಕ ಬಣ್ಣಕ್ಕೂ ರಾಜಕೀಯಕ್ಕೂ ನಂಟು ಹೊಸದಲ್ಲ.

ಮರಳುಗಾಡಿನಲ್ಲಿ ಈ ಬಣ್ಣದ ವರ್ತನೆ ಬೇರೆ. ಒಣಹವೆಯಲ್ಲಿ, ಅದೂ 40 ಡಿಗ್ರಿ ದಾಟಿದ ಬೇಸಗೆಯಲ್ಲಿ, ಆಕ್ರಿಲಿಕ್ಕಿನ ತೆಳುಲೇಪ ಕೆಲವೇ ನಿಮಿಷಗಳಲ್ಲಿ ಆರಿಬಿಡುತ್ತದೆ. ನೀಲಿಯಿಂದ ಕಿತ್ತಳೆಗೆ ನಯವಾಗಿ ಜಾರುವ ಸಂಜೆಯ ಆಕಾಶವನ್ನು ಬರೆಯಹೊರಟವನಿಗೆ ಇದು ದೊಡ್ಡ ತೊಡಕು. ಅವನು ಬಣ್ಣ ಬೇಗ ಆರದಂತೆ ತಡೆಯುವ ದ್ರವವನ್ನು ಬೆರೆಸುತ್ತಲೋ ಆಗಾಗ ನೀರು ಸಿಂಪಡಿಸುತ್ತಲೋ ಹೆಣಗಬೇಕಾಗುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಚುಕ್ಕೆಯಾಗಿ ಇಡುವವನಿಗೆ ಅದೇ ಗುಣ ವರವಾಗುತ್ತದೆ, ಏಕೆಂದರೆ ಕೆಳಗಿನ ಬಣ್ಣ ಮೇಲಿನದಕ್ಕೆ ಕಲೆಸಿಕೊಳ್ಳುವುದಿಲ್ಲ, ದಿನಗಟ್ಟಲೆ ಹಸಿಯಾಗಿ ಉಳಿಯುವ ತೈಲವರ್ಣದ ಮೇಲೆ ಕೂರುವಷ್ಟು ಧೂಳೂ ಇದರ ಮೇಲೆ ಕೂರುವುದಿಲ್ಲ. ಹಸಿಯಿದ್ದಾಗ ಹಾಲುಬಣ್ಣವಾಗಿದ್ದ ಬಂಧಕ ಆರಿದಾಗ ತಿಳಿಯಾಗುವುದರಿಂದ ಬಣ್ಣ ತುಸು ಗಾಢವಾಗುತ್ತದೆ, ಬಲ್ಲವರು ಅದನ್ನು ಲೆಕ್ಕಹಾಕಿ ಮೊದಲೇ ಒಂದಿಷ್ಟು ತಿಳಿಯಾಗಿ ಬೆರೆಸಿಕೊಳ್ಳುತ್ತಾರೆ. ಚಳಿ ಹೆಚ್ಚಾದರೆ, ಸುಮಾರು 10 ಡಿಗ್ರಿಗಿಂತ ಕೆಳಗೆ, ಕಣಗಳು ಸರಿಯಾಗಿ ಬೆಸೆದುಕೊಳ್ಳುವುದಿಲ್ಲ. ಮಧ್ಯ ಆಸ್ಟ್ರೇಲಿಯಾದ ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿಯುವುದರಿಂದ ಇದು ಅಲ್ಲಿ ಬರಿಯ ಪುಸ್ತಕದ ಮಾತಲ್ಲ. ಇನ್ನು ಆ ನೆಲದ ಕೆಂಪನ್ನು ತರುವುದಕ್ಕೆ ಹೆಚ್ಚು ಕಷ್ಟಪಡಬೇಕಾಗಿಲ್ಲ. ಅಲ್ಲಿನ ಮರಳಿನ ಕಣಗಳನ್ನು ಕೆಂಪಾಗಿಸಿರುವುದು ಅವುಗಳ ಮೇಲೆ ಕೂತಿರುವ ಕಬ್ಬಿಣದ ಆಕ್ಸೈಡ್. ಬಣ್ಣದ ಟ್ಯೂಬಿನೊಳಗಿನ ಕೆಂಪು ಆಕ್ಸೈಡಿನಲ್ಲಿಯೂ ಇರುವುದು ಅದೇ.

ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿರುವ ಪಪುನ್ಯ, ಮೂಲನಿವಾಸಿಗಳನ್ನು ಬಿಳಿಯರ ಬದುಕಿನ ರೀತಿಗೆ ಕರಗಿಸಿಬಿಡಬೇಕೆಂಬ ಸರ್ಕಾರಿ ನೀತಿಯ ಕೂಸಾಗಿ 1950ರ ದಶಕದ ಕೊನೆಯಲ್ಲಿ ಹುಟ್ಟಿದ ವಸತಿ. ಪಿಂಟುಪಿ, ಲುರಿಚ, ವಾರ್ಲ್ಪಿರಿ, ಅನ್ಮಚೇರ, ಅರಂಡ ಮೊದಲಾದ ಬೇರೆ ಬೇರೆ ನುಡಿಗಳ ಜನ, ತಮ್ಮ ತಮ್ಮ ನೆಲದಿಂದ ನೂರಾರು ಕಿಲೋಮೀಟರ್ ದೂರ, ಒಂದೇ ಕಡೆ ಕಿಕ್ಕಿರಿದು ಬಾಳಬೇಕಾಗಿತ್ತು. ಈ ವಸತಿಗೂ ಚಿತ್ರಕಲೆಗೂ ಇದ್ದ ಮೊದಲ ಸಂಬಂಧ ಕಹಿಯಾದದ್ದು. ಮರಳುಗಾಡಿನ ಬೆಟ್ಟಗಳನ್ನೂ ಬಿಳಿಗಾಂಡದ ಮರಗಳನ್ನೂ ಯುರೋಪಿನ ಕ್ರಮದಲ್ಲಿ, ದಿಗಂತಸಹಿತವಾಗಿ, ಜಲವರ್ಣದಲ್ಲಿ ಬರೆದು ದೇಶವೆಲ್ಲ ಹೆಸರಾಗಿದ್ದ ಅರಂಡ ಕಲಾವಿದ ಆಲ್ಬರ್ಟ್ ನಮಚಿರನಿಗೆ ದನ ಸಾಕಲು ನೆಲದ ಗುತ್ತಿಗೆ ಕೇಳಿದಾಗ ದೊರೆಯಲಿಲ್ಲ. 1957ರಲ್ಲಿ ಪೂರ್ಣ ಪೌರಹಕ್ಕುಗಳನ್ನು ಕೊಟ್ಟ ಸರ್ಕಾರವೇ ಮರುವರ್ಷ, ಆ ಹಕ್ಕುಗಳಿಲ್ಲದ ತನ್ನವರಿಗೆ ಮದ್ಯ ಒದಗಿಸಿದನೆಂಬ ಆರೋಪದ ಮೇಲೆ ಅವನನ್ನು ಶಿಕ್ಷೆಗೆ ಗುರಿಮಾಡಿತು. ಆತ ಶಿಕ್ಷೆ ಅನುಭವಿಸಿದ್ದು ಪಪುನ್ಯದಲ್ಲಿ, ತೀರಿಕೊಂಡದ್ದು 1959ರಲ್ಲಿ. ನಮಚಿರನ ಚಿತ್ರಗಳು ಬಿಳಿಯರ ಮನೆಗಳ ಗೋಡೆಯೇರಿದವು, ನೆಲ ಮಾತ್ರ ಅವನ ಕೈಗೆ ಬರಲಿಲ್ಲ. ದೃಶ್ಯವಾಗಿ ಬರೆದ ನೆಲವನ್ನು ನೋಡಿದವರು ದೃಶ್ಯವನ್ನಷ್ಟೇ ಕಂಡರು ಎಂದು ಹೇಳಿದರೆ ತಪ್ಪಾಗಲಾರದು.

1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಯುವ ಶಿಕ್ಷಕ ಪಪುನ್ಯದ ಶಾಲೆಗೆ ಬಂದ. ಅವನ ಉತ್ತೇಜನದಿಂದ ಅಲ್ಲಿನ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣವನ್ನು ತಮ್ಮದೇ ಸಂಕೇತಗಳಲ್ಲಿ ಬರೆದರು, ಬಳಿಕ ಸಿಕ್ಕಿದ ಹಲಗೆ, ಹಾರ್ಡ್‌ಬೋರ್ಡ್ ಚೂರುಗಳ ಮೇಲೆ ಬರೆಯತೊಡಗಿದರು, 1972ರಲ್ಲಿ ಪಪುನ್ಯ ಟುಲ ಎಂಬ ತಮ್ಮದೇ ಕಂಪನಿ ಕಟ್ಟಿಕೊಂಡರು. ಶಾಲೆಯ ಗೋಡೆಯ ಚಿತ್ರಕ್ಕೆ ಕೆಲವೇ ವರ್ಷಗಳಲ್ಲಿ ಸುಣ್ಣಬಣ್ಣ ಬಳಿಯಲಾಯಿತು, ಆದರೆ ಬರೆಯುವ ಕೈಗಳನ್ನು ತಡೆಯಲಾಗಲಿಲ್ಲ.

ಈ ಚಿತ್ರಗಳ ವಸ್ತುವಿಗೆ ಪಿಂಟುಪಿ, ಲುರಿಚ ನುಡಿಗಳಲ್ಲಿ ಜುಕುರ್ಪ ಎನ್ನುತ್ತಾರೆ: ಆದಿಪುರುಷರೂ ಆದಿಪ್ರಾಣಿಗಳೂ ನೆಲದ ಮೇಲೆ ನಡೆದಾಡಿ ಬೆಟ್ಟ, ನೀರಗುಂಡಿ, ಬಂಡೆಗಳನ್ನು ಉಂಟುಮಾಡಿದ ಕಥೆ, ಆ ಕಥೆಯಿಂದ ಹುಟ್ಟಿದ ಕಟ್ಟಳೆ, ಆ ಕಟ್ಟಳೆಯ ಪ್ರಕಾರ ಇಂಥ ಜಾಗಕ್ಕೆ ಇಂಥವರು ಹೊಣೆಗಾರರು ಎಂಬ ವ್ಯವಸ್ಥೆ, ಮೂರೂ ಇದರಲ್ಲಿ ಅಡಕವಾಗಿವೆ. ಇದನ್ನು ಹಿಂದೆ ಬರೆಯುತ್ತಿದ್ದದ್ದು ಆಚರಣೆಯ ಹೊತ್ತಿನಲ್ಲಿ ನೆಲದ ಮೇಲೆ, ಮೈಮೇಲೆ. ಕ್ಯಾನ್ವಾಸಿಗೆ ಬಂದಾಗಲೂ ಆ ರೂಢಿ ಬಿಡಲಿಲ್ಲ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕಪ್ಪು ಇಲ್ಲವೆ ಕೆಂಪು ಬಣ್ಣದ ತಳಲೇಪ ಕೊಟ್ಟು, ಸುತ್ತಲೂ ಕೂತು ನಾಲ್ಕೂ ಕಡೆಯಿಂದ ಬರೆಯುವುದರಿಂದ ಚಿತ್ರಕ್ಕೆ ಮೇಲು ಕೆಳಗೆಂಬುದಿಲ್ಲ. ಒಂದರೊಳಗೊಂದು ವೃತ್ತಗಳು ನೀರಗುಂಡಿಯನ್ನೋ ಬೀಡನ್ನೋ, ಅವನ್ನು ಕೂಡಿಸುವ ಗೆರೆಗಳು ನಡೆದ ಹಾದಿಯನ್ನು, ಲಾಳದಾಕಾರದ ಗುರುತು ಕೂತ ಮನುಷ್ಯನನ್ನು ಸೂಚಿಸುತ್ತವೆ. ಕಡ್ಡಿಯ ತುದಿಯಿಂದಲೋ ಕುಂಚದ ಹಿಂಬದಿಯಿಂದಲೋ ಇಡುವ ಚುಕ್ಕೆಗಳು ಆಚರಣೆಯ ಅಲಂಕಾರದಿಂದಲೇ ಬಂದವಾದರೂ, ದೀಕ್ಷೆ ಪಡೆದವರು ಮಾತ್ರ ಕಾಣಬೇಕಾದ ಗುರುತುಗಳು ಹೊರಗಿನವರ ಕಣ್ಣಿಗೆ ಬಿದ್ದವೆಂಬ ಆಕ್ಷೇಪ ತಮ್ಮವರಿಂದಲೇ ಎದ್ದಮೇಲೆ, ಅಂಥ ಗುರುತುಗಳನ್ನು ಮುಚ್ಚುವ ಮುಸುಕಾಗಿಯೂ ಅವು ದಟ್ಟವಾದವು. ಬಹಿರಂಗವಾಗಿ ಹೇಳುತ್ತಲೇ ಹೇಳಬಾರದ್ದನ್ನು ಕಾಪಾಡಿಕೊಳ್ಳುವ ಈ ವಿದ್ಯೆ ನಿತ್ಯದ ರಾಜಕೀಯ ಬರಹಗಾರರಿಗೆ ಅಷ್ಟಾಗಿ ಒಲಿದಿಲ್ಲ.

ಪತ್ರಿಕೆಯ ರಾಜಕೀಯ ವ್ಯಾಖ್ಯಾನಕ್ಕೆ ಹೆಸರು, ಪಕ್ಷ, ತಾರೀಖು ಬೇಕು. ಆ ಕಾರಣಕ್ಕಾಗಿಯೇ ಅದು ಬೇಗ ಹಳತಾಗುತ್ತದೆ. ಪಪುನ್ಯದ ಚಿತ್ರಗಳಲ್ಲಿ ಮಂತ್ರಿಯಿಲ್ಲ, ಮಸೂದೆಯಿಲ್ಲ, ಘೋಷಣೆಯಿಲ್ಲ. ಆದರೆ ಆಸ್ಟ್ರೇಲಿಯಾದ ನೆಲ ಬ್ರಿಟಿಷರು ಬಂದಾಗ ಯಾರಿಗೂ ಸೇರಿರಲಿಲ್ಲ ಎಂಬ ತತ್ತ್ವವನ್ನು ಅಲ್ಲಿನ ಕಾನೂನು ಒಪ್ಪಿಕೊಂಡಿದ್ದ ಕಾಲದಲ್ಲಿ, ಈ ನೀರಗುಂಡಿ ಇಂಥ ಮನೆತನದ್ದು ಎಂದು ಗುರುತಿಸಿ ಬರೆಯುವುದೇ ಆ ಕಾನೂನಿಗೆ ಕೊಟ್ಟ ಉತ್ತರವಾಗುತ್ತಿತ್ತು. ಆ ಉತ್ತರವನ್ನು ಎಲ್ಲರೂ ಓದಿಕೊಂಡರೆಂದಲ್ಲ. 1988ರಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯಲ್ಲಿ ನಡೆದ ದೊಡ್ಡ ಪ್ರದರ್ಶನದ ಹೊತ್ತಿಗೆ ಇವು ಪಾಶ್ಚಾತ್ಯ ವಿಮರ್ಶಕರ ಕಣ್ಣಿಗೆ ಅಮೂರ್ತ ಕಲೆಯ ಸೋದರರಂತೆ, ಕೇವಲ ವಿನ್ಯಾಸದಂತೆ ಕಾಣಿಸತೊಡಗಿದ್ದವು. ಹಕ್ಕಿನ ಮಾತನ್ನು ಅಂದವೆಂದು ಹೊಗಳಿ ಬದಿಗಿಡುವುದೂ ಒಂದು ರಾಜಕೀಯ ನಿಲುವೇ, ಹೊಗಳುವವರಿಗೆ ಅದು ತಿಳಿದಿರಬೇಕೆಂದೇನೂ ಇಲ್ಲ. ಹಣದ ವಿಚಾರದಲ್ಲಿಯೂ ಇದೇ ಕಥೆ. ಕ್ಲಿಫರ್ಡ್ ಪೊಸಮ್ ಚಪಲ್ಚಾರಿ 1977ರಲ್ಲಿ ಬರೆದ ‘ವಾರ್ಲುಗುಲಾಂಗ್’ ಮೊದಲು 1,200 ಡಾಲರಿಗೆ ಮಾರಾಟವಾಗಿ, 2007ರ ಹರಾಜಿನಲ್ಲಿ 24 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಕಲಾವಿದ 2002ರಲ್ಲಿಯೇ ತೀರಿಕೊಂಡಿದ್ದ. ಮರುಮಾರಾಟದ ಬೆಲೆಯಲ್ಲಿ ಶೇ. 5ರಷ್ಟು ಕಲಾವಿದರಿಗೆ ಅಥವಾ ವಾರಸುದಾರರಿಗೆ ಸಲ್ಲಬೇಕೆಂಬ ಕಾಯಿದೆ ಜಾರಿಗೆ ಬಂದದ್ದು 2010ರಲ್ಲಿ.

ಮೌನವಾಗಿ ಹೇಳಿದ ಮಾತು ಕೇಳಿಸದಿದ್ದಾಗ ಕಲಾವಿದರು ಬೇರೆ ದಾರಿ ಹಿಡಿದದ್ದೂ ಉಂಟು. 1988ರಲ್ಲಿ ಕ್ಯಾನ್ಬೆರಾದಲ್ಲಿ ತೆರೆದ ಹೊಸ ಸಂಸತ್ ಭವನದ ಮುಂದಿನ ಅಂಗಳದಲ್ಲಿ, ಪಪುನ್ಯದ ಮೈಕೆಲ್ ನೆಲ್ಸನ್ ಜಗಮರ ರೂಪಿಸಿದ ವಿನ್ಯಾಸವನ್ನು ಸುಮಾರು 90,000 ಗ್ರಾನೈಟ್ ಚೂರುಗಳಲ್ಲಿ ಜೋಡಿಸಲಾಯಿತು. ಬೇರೆ ಬೇರೆ ಕುಲದವರು ಒಂದೆಡೆ ಸೇರುವ ಸಭೆ ಅದರ ವಸ್ತು. ಆ ನಡುವೆ, 1992ರ ಜೂನ್ 3ರಂದು, ಮರಳುಗಾಡಿನಿಂದ ಬಹುದೂರದ ಒಂದು ದ್ವೀಪಕ್ಕೆ ಸಂಬಂಧಿಸಿದ ಮಾಬೊ ಮೊಕದ್ದಮೆಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಯಾರದೂ ಅಲ್ಲದ ನೆಲವೆಂಬ ತತ್ತ್ವವನ್ನು ತಳ್ಳಿಹಾಕಿ, ಮೂಲನಿವಾಸಿಗಳ ಪರಂಪರಾಗತ ಭೂಹಕ್ಕು ಕೆಲವೆಡೆ ಉಳಿದುಬಂದಿರಬಹುದೆಂದು ಒಪ್ಪಿತು. ತೀರ್ಪನ್ನು ಕಾಯಿದೆಯಾಗಿಸುವಾಗ ಸರ್ಕಾರ ಅದನ್ನು ದುರ್ಬಲಗೊಳಿಸುತ್ತಿದೆ ಎಂಬ ಅಸಮಾಧಾನದಿಂದ ಜಗಮರ 1993ರಲ್ಲಿ ಸಂಸತ್ತಿನ ಮುಂದೆ ಬಂದು ತನ್ನದೇ ವಿನ್ಯಾಸದ ನಡುವಿನಿಂದ ಒಂದು ಕಲ್ಲನ್ನು ಕಿತ್ತ. ಆ ವರ್ಷ ಭೂಹಕ್ಕಿನ ಬಗ್ಗೆ ಬರೆದ ಅಂಕಣಗಳಿಗೇನೂ ಕೊರತೆಯಿರಲಿಲ್ಲ, ಆದರೆ ಅವುಗಳಲ್ಲಿ ಈ ಒಂದು ಕಲ್ಲಿನಷ್ಟು ಚುರುಕಾದ ವ್ಯಾಖ್ಯಾನ ಹುಡುಕಿದರೂ ಸಿಗುವುದು ಕಷ್ಟ.

ಚಿತ್ರ ನೇರವಾಗಿ ದಾಖಲೆಯೇ ಆಗಿ ನಿಂತ ಪ್ರಸಂಗ ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರಳುಗಾಡಿನದು. ಮಾಬೊ ತೀರ್ಪಿನ ನಂತರ ಬಂದ ಕಾಯಿದೆಯ ಪ್ರಕಾರ ಹಕ್ಕು ಕೇಳುವವರು ತಮಗೂ ನೆಲಕ್ಕೂ ಇರುವ ಸಂಬಂಧವನ್ನು ಸಾಬೀತುಪಡಿಸಬೇಕಿತ್ತು, ಅವರಲ್ಲಿದ್ದ ಸಾಕ್ಷ್ಯವಾದರೋ ಹಾಡು, ಕಥೆ, ನೀರಿನ ಜಾಗಗಳ ತಿಳಿವಳಿಕೆ, ಅದೂ ನಾಲ್ಕಾರು ನುಡಿಗಳಲ್ಲಿ ಹಂಚಿಹೋದದ್ದು. 1997ರಲ್ಲಿ ಫಿಟ್ಜ್‌ರಾಯ್ ಕ್ರಾಸಿಂಗ್ ಪಟ್ಟಣದ ದಕ್ಷಿಣಕ್ಕಿರುವ ಪಿರ್ನಿನಿ ಎಂಬಲ್ಲಿ ಹತ್ತಾರು ಕಲಾವಿದರು ಸೇರಿ 10 ಮೀಟರ್ ಉದ್ದ, 8 ಮೀಟರ್ ಅಗಲದ ಒಂದೇ ಕ್ಯಾನ್ವಾಸಿನ ಮೇಲೆ, ಆಕ್ರಿಲಿಕ್ಕಿನಲ್ಲಿ, ಪ್ರತಿಯೊಬ್ಬರೂ ತಮಗೆ ಹೊಣೆಯಿರುವ ಭಾಗವನ್ನಷ್ಟೇ ಬರೆದು, ‘ಙುರಾರ’ ಎಂದು ಹೆಸರಾದ ಆ ಚಿತ್ರವನ್ನು ಭೂಹಕ್ಕು ನ್ಯಾಯಮಂಡಳಿಯ ಮುಂದೆ ನೆಲಕ್ಕೆ ಹಾಸಿದರು. ಒಬ್ಬೊಬ್ಬರಾಗಿ ಬಂದು, ಚಿತ್ರದಲ್ಲಿ ತಮ್ಮ ನೀರಗುಂಡಿ ಇರುವ ಕಡೆ ನಿಂತು, ತಮ್ಮ ನುಡಿಯಲ್ಲಿ ಸಾಕ್ಷ್ಯ ನುಡಿದರು. ನಮ್ಮ ಕಡೆ ರೈತನೊಬ್ಬ ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾನಷ್ಟೆ, ಅವರ ಪಹಣಿ ಇದು. ವ್ಯತ್ಯಾಸವೆಂದರೆ ಇದನ್ನು ಕೊಟ್ಟದ್ದು ಯಾವ ಸರ್ಕಾರವೂ ಅಲ್ಲ.

ಚಿತ್ರವೊಂದೇ ಮೊಕದ್ದಮೆ ಗೆದ್ದುಕೊಟ್ಟಿತೆಂದು ಹೇಳುವುದು ಅತಿಶಯೋಕ್ತಿಯಾದೀತು, ಏಕೆಂದರೆ ವಕೀಲರು, ಮಾನವಶಾಸ್ತ್ರಜ್ಞರು, ಮೂಲನಿವಾಸಿಗಳ ಭೂಮಂಡಳಿಗಳು ವರ್ಷಗಟ್ಟಲೆ ದುಡಿದ ದುಡಿಮೆಯೂ ಅದರ ಜೊತೆಗಿತ್ತು. ಆದರೂ ಯಾರ ಭಾಷೆಯಲ್ಲಿ ವಾದ ನಡೆಯಬೇಕು ಎಂಬುದನ್ನು ಬದಲಿಸಿದ್ದು ಆ ಕ್ಯಾನ್ವಾಸೇ. ತೀರ್ಪು ಬರಲು ಮತ್ತೆ ಹತ್ತು ವರ್ಷ ಹಿಡಿಯಿತು. 2007ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯ ಪಿರ್ನಿನಿಗೇ ಬಂದು, 70,000 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶದ ಮೇಲೆ, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾದ ನೆಲದ ಮೇಲೆ, ಅವರ ಹಕ್ಕನ್ನು ಮಾನ್ಯಮಾಡಿತು. ಈ ಬಗೆಯ ಹಕ್ಕಿನಲ್ಲಿ ವಾಸ, ಬೇಟೆ, ನೀರು, ಆಚರಣೆ, ಪವಿತ್ರ ಸ್ಥಳಗಳ ರಕ್ಷಣೆ ಸೇರುತ್ತವೆ. ನೆಲದಡಿಯ ಖನಿಜಗಳ ಒಡೆತನ ಸೇರುವುದಿಲ್ಲ, ಅದು ಇಂದಿಗೂ ಸರ್ಕಾರದ್ದೇ.